ಮಂಗಟ್ಟೆ ಬಸ್ಸಿನ ಧಣಿಗೆ ಬಂದ ಟ್ರಂಕ್ ಕಾಲ್

“ಹಲೋ… ಹಲೋ! ಯಾರು ಮಾತಾಡುದು? ಮೈಸೂರಾ?… ಅಲ್ವಾ? ಓ, ಎಕ್ಸ್‌ಚೇಂಜಿನ ತಂಗಿಯಾ?… ಹಾಂ, ಹಾಂ, ಸುಳ್ಯ ನಂಬರು ಹನ್ನೊಂದೇ. ನಾನೇ, ತಿರುಮಲೇಶ್ವರನೇ. ಇವತ್ತು ಫೋನು ಮತ್ತೆ ಯಾರು ಎತ್ತುದು? ಕೊಡು ಮಾರಾಯ್ತಿ, ಬೇಗ ಲೈನು ಕೊಡು.”

…

ಲೈನು ಸಿಗುವವರೆಗೆ ತಿರುಮಲೇಶ್ವರ ಧಣಿಗಳು ಎಡಗೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸುಮ್ಮನಾಗಲು ಜನ ಬೇಕಷ್ಟಿದ್ದರು. ಸುಳ್ಯ ಪೇಟೆಯ ಆ ಬಸ್ ಆಫೀಸಿನಲ್ಲಿ ಅವತ್ತು ಬೆಂಚು ಸಾಲದೆ ಹಳೇ ಟಯರುಗಳನ್ನು ಮಲಗಿಸಿ ಅದರ ಮೇಲೆ ಕೂತಿದ್ದರು.

ಮೂವತ್ತು ವರ್ಷದ ಹಿಂದೆ, ಅಂದರೆ ಮೂವತ್ತನಾಲ್ಕನೇ ಇಸವಿಯಲ್ಲಿ, ಸಂಪಾಜೆ ಘಾಟಿಗೆ ಹಕ್ಕಿ ಹೊಡೆಯಲು ಬಂದ ಒಬ್ಬ ಬಿಳಿ ದೊರೆಯನ್ನು ಇವರು ತಮ್ಮ ಗಾಡಿ ಕೊಟ್ಟಿಗೆಯ ಅಟ್ಟದಲ್ಲಿ ಉಳಿಸಿಕೊಂಡಿದ್ದರು. ಆಗ ಇವರದು ಎತ್ತಿನ ಗಾಡಿಗಳ ವ್ಯವಹಾರ. ಹೊರಡುವ ದಿನ ದೊರೆ, ಹತ್ತಿ ತುಂಬಿ ಮಲಗಿಸಿದ ಹಕ್ಕಿಗಳ ಪೆಟ್ಟಿಗೆಯನ್ನು ತೆರೆದು ತೋರಿಸಿ, ಇದರಲ್ಲೊಂದಕ್ಕೆ ನಿನ್ನ ಹೆಸರು ಇಡುತ್ತೇನೆ ಎಂದಿದ್ದ. ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ ಮಲಗಿದ್ದದ್ದು ಮಂಗಟ್ಟೆ. ಮೊಣಕೈಯುದ್ದದ ಹಳದಿ ಕೊಕ್ಕು, ಕೊಕ್ಕಿನ ಮೇಲೊಂದು ಕಿರೀಟ. ಯಾವ ಹಕ್ಕಿ ಎಂದು ತಿರುಮಲೇಶ್ವರರು ಕೇಳಲೇ ಇಲ್ಲ. ದೊಡ್ಡವನ ಹೆಸರನ್ನು ದೊಡ್ಡ ಹಕ್ಕಿಗಲ್ಲದೆ ಮತ್ತೆ ಯಾವುದಕ್ಕೆ ಇಡುತ್ತಾರೆ? ಗಾಡಿ ಹೋಗಿ ಬಸ್ಸು ಬಂದಾಗ ಬಸ್ಸಿನ ಎರಡೂ ಮೈಗೆ ಮಂಗಟ್ಟೆ ಬರೆಸಿದರು. ಪುತ್ತೂರಿನಿಂದ ಸಂಪಾಜೆವರೆಗೆ ಅದು ಮಂಗಟ್ಟೆ ಬಸ್ಸು, ಇವರು ಮಂಗಟ್ಟೆ ಧಣಿ.

ಈಗ ಮೈಸೂರಿನ ಪ್ರೊಫೆಸರರೊಬ್ಬರು ಪುಸ್ತಕ ಬರೆಯುತ್ತಿದ್ದಾರೆ. ಹಕ್ಕಿಗಳಿಗೆ ವಿಜ್ಞಾನದವರು ಇಟ್ಟ ಲ್ಯಾಟಿನ್ ಹೆಸರುಗಳೊಳಗೆ ಅಡಗಿ ಕೂತ ಮನುಷ್ಯರು ಯಾರು, ಯಾವ ಊರಿನವರು, ಏನಾದರು ಎಂದು ಒಬ್ಬೊಬ್ಬರನ್ನೇ ಹುಡುಕಿ ತೆಗೆಯುವ ಪುಸ್ತಕ. ಇಂಥ ದಿನ ಫೋನು ಮಾಡುತ್ತೇನೆಂದು ತಿರುಮಲೇಶ್ವರರ ಮನೆಯವರ ಹೆಸರಿಗೆ ಮೊದಲೇ ಕಾರ್ಡು ಹಾಕಿದ್ದರು. ಕಾರ್ಡು ಬಂದ ಮೇಲೆ ಕೇಳಬೇಕೇ!

“ಹಲೋ! ನಮಸ್ಕಾರ, ನಮಸ್ಕಾರ ಪ್ರೊಫೆಸರ್ರೇ!… ನನಗೆ ಲಾಯ್ಕ ಕೇಳ್ತದೆ. ನಿಮಗೆ?… ಎಂತ? ತಿರುಮಲೇಶ್ವರರ ಮಗನಾ ಅಂತಲಾ? ಮಗ ಅಲ್ಲ ಮಾರಾಯ್ರೆ, ನಾನೇ ಅವನು!… ಹಾಂ, ಸಾಕ್ಷಾತ್!… ಸತ್ತಿರಬಹುದು ಅಂತ ಎಣಿಸಿದ್ರಾ? ಹ್ಹ ಹ್ಹ! ಕೇಳಿದ್ರಾ ಎಲ್ಲ? ಪ್ರೊಫೆಸರರು ಹೇಳುದು, ಇಷ್ಟರವರೆಗೆ ಅವರು ಹುಡುಕಿದ ಹೆಸರಿನವರೆಲ್ಲ ಗೋರಿಯಲ್ಲೇ ಸಿಕ್ಕಿದ್ದಂತೆ. ಜೀವ ಇದ್ದವ ನಾನೊಬ್ಬನೇ ಅಂತೆ!”

ಇದು ಅವರ ಹಳೇ ಅಭ್ಯಾಸ. ಫೋನಿನ ಆ ತುದಿಯಿಂದ ಬಂದದ್ದನ್ನೆಲ್ಲ ಈ ತುದಿಯಲ್ಲಿ ಡಂಗುರ ಹೊಡೆಯದೆ ಅವರಿಗೆ ಸಮಾಧಾನವಿಲ್ಲ. ಬಸ್ಸಿಗೆ ಜನ ಕರೆದು ಕರೆದು ಬಂದ ಗಂಟಲು.

ಇವತ್ತಂತೂ ಕೇಳುವ ಕಿವಿಗಳನ್ನು ಆರಿಸಿಯೇ ಕರೆಸಿದ್ದರು. ಎದುರಿನ ಕುರ್ಚಿಯಲ್ಲಿ ಕಡಬದ ಧರ್ಮಪಾಲ. ಆತನಿಗೂ ಎರಡು ಬಸ್ಸು ಉಂಟು, ಇವರ ಬಸ್ಸಿಗಿಂತ ಒಂದು ಹೊಗೆಸೊಪ್ಪು ಜಗಿಯುವಷ್ಟು ಮೊದಲು ಬಿಟ್ಟು ಇವರ ಜನರನ್ನು ಎತ್ತಿಕೊಂಡು ಹೋಗುವ ಮನುಷ್ಯ. ಮೇಜಿಗೆ ತಾಗಿ ಏಜೆಂಟ್ ಪೋಕರ್. ಬಾಗಿಲ ತುಂಬ ಕಂಡಕ್ಟರು, ಕ್ಲೀನರುಗಳು. ಹೊಸ್ತಿಲಿನಿಂದಾಚೆ ಮೆಟ್ಟಿಲ ಮೇಲೆ, ತಲೆಗೆ ಸುತ್ತಿದ ಬೈರಾಸು ಬಿಚ್ಚಿ ಕೈಯಲ್ಲಿ ಹಿಡಿದು, ಡೊಂಬಯ್ಯ.

ಮೇಜಿನ ಮೇಲೆ, ಫೋನಿನ ಪಕ್ಕ, ಡ್ರೈವರಿನ ಒಂದು ಹಿತ್ತಾಳೆ ಬಿಲ್ಲೆ. ಅದು ಡೊಂಬಯ್ಯನದು. ಏಳು ವರ್ಷ ಧಣಿಗಳ ಡ್ರಾಯರಿನಲ್ಲಿ ಬಿದ್ದು ಕಪ್ಪಾಗಿದ್ದದ್ದನ್ನು ಬೆಳಿಗ್ಗೆ ಪೋಕರ್ ಹುಳಿ ಹಚ್ಚಿ ತಿಕ್ಕಿದ್ದ. ಮೈಸೂರಿನ ಫೋನು ಬಂದು ಮುಗಿದ ಕೂಡಲೇ, ಆ ಸಂತೋಷಕ್ಕೆ, ಎಲ್ಲರ ಎದುರು ಬಿಲ್ಲೆ ತಿರುಗಿ ಕೊಡುತ್ತೇನೆ, ಮತ್ತೆ ಸಂಪಾಜೆ ಬಸ್ಸು ಹತ್ತು ಎಂದು ಧಣಿಗಳೇ ಹೇಳಿ ಕಳಿಸಿದ್ದರು. ಡೊಂಬಯ್ಯನ ಕಣ್ಣು ಆ ಬಿಲ್ಲೆಯನ್ನು ಬಿಟ್ಟು ಅಲುಗುತ್ತಿರಲಿಲ್ಲ.

“ಹಕ್ಕಿಯ ಹೆಸರು ಒಮ್ಮೆ ಪೂರ್ತಿ ಹೇಳಿ ಪ್ರೊಫೆಸರ್ರೇ, ಇಲ್ಲಿ ನಾಲ್ಕು ಜನ ದೊಡ್ಡವರು ಇದ್ದಾರೆ, ಕೇಳ್ಲಿ… ಹಾಂ… ಮೊದಲಿನದ್ದು ನಾಲಗೆಗೆ ಬರುದಿಲ್ಲ ಬಿಡಿ. ಕೊನೆಯದ್ದು?… ತಿರುಮಲೇಶ್ವರೀ? ಹೆಂಗಸಿನ ಹೆಸರಿನ ಹಾಗೆ ಆಗ್ಲಿಲ್ವಾ?… ಓ, ಲ್ಯಾಟಿನಿನಲ್ಲಿ ಗಂಡಸಿನದ್ದಾದ್ರೂ ಹಾಗೇ ಬರುದಾ… ಎಂತ ನಗುದು ಧರ್ಮಪಾಲರೇ? ಲ್ಯಾಟಿನು ಅದು, ಲ್ಯಾಟಿನು. ನಿಮ್ಮ ಹೆಸರು ಇಟ್ಟಿದ್ರೆ ನಿಮಗೂ ಸೀರೆ ಉಡಿಸ್ತಿದ್ರು. ಯಾರೂ ಇಡ್ಲಿಲ್ಲ, ಬಚಾವ್.”

…

“ದೊರೆಯಾ? ಹೇಗಿದ್ದ ಅಂತ ಹೇಳುದು! ಕೆಂಪು ಮುಖ, ಗಡ್ಡದಲ್ಲಿ ಹೊಗೆ. ಮಾತು ಕಡಿಮೆ. ಮಾತು ಎಲ್ಲ ನಂದೇ. ಪಾಪ, ಒಬ್ಬನೇ ಕೂತು ಹಕ್ಕಿಯ ಚರ್ಮ ಸುಲಿಯುವಾಗ ಬೇಜಾರಾಗ್ಬಾರ್ದು ಅಂತ ನಾನು ಬೆಳಿಗ್ಗೆಯೇ ಹೋಗಿ ಹತ್ತಿರ ಕೂರ್ತಿದ್ದೆ. ನಮ್ಮ ಗಾಡಿಯ ವಿಷಯ, ಎತ್ತಿನ ವಿಷಯ, ನಮ್ಮ ಅಜ್ಜ ಮಡಿಕೇರಿಗೆ ಉಪ್ಪು ಹೊತ್ತ ವಿಷಯ… ಹಾಂ? ಇರಿ, ಅದು ಮತ್ತೆ ಹೇಳ್ತೇನೆ. ಅವನು ಕಿವಿಗೆ ಹತ್ತಿ ಇಟ್ಟುಕೊಂಡು ಕೂರ್ತಿದ್ದ, ಶೀತಕ್ಕೆ. ಆದ್ರೂ ಒಂದು ದಿನ ನಿಲ್ಲಿಸು ಅನ್ಲಿಲ್ಲ ನೋಡಿ. ದೊಡ್ಡ ಮನುಷ್ಯ… ಎಂತ ಕೇಳಿದ್ರಿ?… ಹಕ್ಕಿ ಹೊಡೀಲಿಕ್ಕೆ ಜೊತೆಗೆ ಯಾರು ಹೋಗುದು ಅಂತಲಾ? ಇದ್ದರು ಯಾರೋ ಕಾಡಿನವರು. ಅವರ ಹೆಸರು ಎಲ್ಲ ಯಾರಿಗೆ ನೆನಪು? ಹೆಸರು ನೆನಪಿಡುವಂಥವರ ಹೆಸರು ಹಕ್ಕಿಗೆ ಬಂದಿದೆ, ಅದನ್ನು ಬರೀರಿ ನೀವು.”

…

“ಯಾರು? ಓ, ತಂಗಿ… ಮೂರು ನಿಮಿಷ ಆಯ್ತಾ? ನನ್ನಲ್ಲಿ ಕೇಳುದೆಂತ, ಮೈಸೂರಿನವರಲ್ಲಿ ಕೇಳು… ಮುಂದುವರಿಸಿ ಅಂದ್ರಾ? ಕೇಳಿದ್ರಾ ಧರ್ಮಪಾಲರೇ? ಇನ್ನೂ ಮಾತಾಡ್ಬೇಕಂತೆ ಅವರಿಗೆ.”

ಧರ್ಮಪಾಲ ತುಟಿ ಒತ್ತಿ ಸೋಡಾ ಬಾಟಲಿಯನ್ನು ತಿರುಗಿಸುತ್ತ ಕೂತಿದ್ದ. ಆ ಮುಖ ನೋಡಿದರೆ ಧಣಿಗಳಿಗೆ ಒಂದು ಹೊಸ ಬಸ್ಸು ರಸ್ತೆಗೆ ಇಳಿಸಿದಷ್ಟು ಖುಷಿ. ಖುಷಿ ಹೆಚ್ಚಾದಾಗಲೇ ಮನುಷ್ಯನಿಗೆ ಇನ್ನೂ ಒಂದು ತುತ್ತು ಬೇಕು ಅನ್ನಿಸುವುದು.

“ಪ್ರೊಫೆಸರ್ರೇ, ಒಂದು ವಿಷಯ ನಿಮ್ಮ ಪುಸ್ತಕಕ್ಕೆ ಬೇಕೇ ಬೇಕು. ಹೆಸರು ಇಟ್ಟದ್ದು ದೊರೆ. ಆದ್ರೆ ಹೆಸರಿನ ಮರ್ಯಾದೆ ಕಾದದ್ದು ಯಾರು? ನಾನು. ಈ ಹಕ್ಕಿಯ ಗುಣ ಗೊತ್ತುಂಟಲ್ಲ ನಿಮಗೆ? ಹೆಣ್ಣು ಮರದ ಪೊಟರೆಯೊಳಗೆ ಕೂರುದು, ಪೊಟರೆಯ ಬಾಯಿಗೆ ಮಣ್ಣು ಮೆತ್ತುದು, ಗಂಡು ಹೊರಗಿಂದ ತಂದು ತಂದು ತಿನ್ನಿಸುದು. ಒಂದು ದಿನ ತಪ್ಪಿಸುದಿಲ್ಲ. ಧಣಿ ಅಂದ್ರೆ ಹಾಗಿರ್ಬೇಕು. ಒಳಗಿದ್ದವರಿಗೆಲ್ಲ ಅನ್ನ ಹಾಕುವವ. ನಾನು ಇಲ್ಲಿ ಇಷ್ಟು ಜನರಿಗೆ… ಹಾಂ? ಇರಿ, ಮುಗೀಲಿ. ಅಂಥ ಹಕ್ಕಿಯನ್ನು ನನ್ನ ಬಸ್ಸಿನವನೇ ಒಬ್ಬ ಕೊಂದ ನೋಡಿ! ನನ್ನ ಸಂಪಾಜೆ ಲೈನಿನ ಡ್ರೈವರು. ಹೆಂಡತಿಗೆ ಕಾಲಿನ ಗಂಟು ಹಿಡಿದಿದೆ, ಮಂಗಟ್ಟೆಯ ನೆಣದ ಎಣ್ಣೆ ಹಚ್ಚಿದ್ರೆ ಕಾಲು ಬರ್ತದೆ ಅಂತ ಯಾರೋ ಮದ್ದು ಹೇಳಿದ್ದಂತೆ. ಹಕ್ಕಿಯ ಕೊಕ್ಕು ಸಿಕ್ಕಿದ್ದು ಎಲ್ಲಿ ಗೊತ್ತುಂಟಾ? ನನ್ನದೇ ಬಸ್ಸಿನ ಟೂಲ್ ಪೆಟ್ಟಿಗೆಯಲ್ಲಿ! ಹೊರಗಿನಿಂದ ನನ್ನ ಹಕ್ಕಿಯ ಚಿತ್ರ, ಒಳಗೆ ನನ್ನ ಹಕ್ಕಿಯ ಹೆಣ!”

ಅವರು ರಿಸೀವರಿಗೆ ಕೈ ಅಡ್ಡ ಹಿಡಿದು ಬಾಗಿಲ ಕಡೆ ತಿರುಗಿದರು.

“ಏಯ್ ಡೊಂಬಯ್ಯ, ಮುಂದೆ ಬಾ. ನಿನ್ನ ವಿಷಯವೇ ಹೇಳುದು. ಮೈಸೂರಿನವರೆಗೆ ಹೋಯ್ತು ನಿನ್ನ ಕೀರ್ತಿ. ಕೈ ತೋರಿಸು ಧರ್ಮಪಾಲರಿಗೆ, ಜಲ್ಲಿ ಒಡೆದು ಒಡೆದು ಹೇಗಾಗಿದೆ ಅಂತ. ಸ್ಟೇರಿಂಗು ಹಿಡಿಯುವ ಕೈ ಆಗಿತ್ತು ಅದು, ಅಲ್ವಾ? ಎಂತ, ಹೆಂಡತಿ ದುಗ್ಗಮ್ಮನ ಕಾಲು ಬಂತಾ ಮತ್ತೆ?… ಬರ್ಲಿಲ್ಲ. ಬರುದಿಲ್ಲ ಮಾರಾಯ, ಪಾಪದ ಎಣ್ಣೆ ಅದು.”

ಡೊಂಬಯ್ಯ ಹೊಸ್ತಿಲು ದಾಟಿ ಬಂದು ಕೈ ತೋರಿಸಿದ. ಯಾರೋ ಒಬ್ಬ ಕ್ಲೀನರು ಮುಖ ತಿರುಗಿಸಿದ. ಧಣಿಗಳು ಮತ್ತೆ ರಿಸೀವರಿಗೆ ಬಾಯಿ ಕೊಟ್ಟರು.

“ಹಾಂ, ಪ್ರೊಫೆಸರ್ರೇ. ಎಂತ ಮಾಡಿದೆ ಅಂತ ಕೇಳಿ. ಎಣ್ಣೆಯ ಪಾತ್ರೆ ಒಡೆಸಿದೆ. ಬಸ್ಸಿನ ಮೈಮೇಲಿನ ಮಂಗಟ್ಟೆಯ ಕಾಲಿಗೆ, ಸ್ಟ್ಯಾಂಡಿನ ಜನ ಎಲ್ಲ ನೋಡುವಾಗ, ಅಡ್ಡ ಬೀಳಿಸಿದೆ. ಬಿಲ್ಲೆ ಕಸಿದುಕೊಂಡೆ. ಪುತ್ತೂರು, ಕುಂಬ್ರ, ಕಡಬ, ಎಲ್ಲ ಬಸ್ಸಿನವರಿಗೂ ಹೇಳಿ ಕಳಿಸಿದೆ: ಇವನನ್ನು ಯಾರೂ ಸೇರಿಸಬೇಡಿ, ನನ್ನ ಹೆಸರಿನ ಹಕ್ಕಿಯನ್ನು ಕೊಂದವ ನನ್ನನ್ನೇ ಕೊಂದ ಹಾಗೆ ಅಂತ. ಈ ಧರ್ಮಪಾಲರು ಸೇರಿಸಬೇಕು ಅಂತ ಇದ್ದರು, ನನ್ನ ಮಾತಿಗೆ ಕೈಬಿಟ್ಟರು. ಏಳು ವರ್ಷ! ಏಳು ವರ್ಷ ರಸ್ತೆ ಬದಿಯಲ್ಲಿ ಕಲ್ಲು ಒಡೆದಿದ್ದಾನೆ, ನನ್ನ ಬಸ್ಸಿನ ಧೂಳು ತಿಂದುಕೊಂಡು. ಇವತ್ತು ನಿಮ್ಮ ಫೋನು ಬಂದ ಲೆಕ್ಕದಲ್ಲಿ ಕ್ಷಮಿಸ್ತಾ ಇದ್ದೇನೆ. ಬರೀರಿ ಇದನ್ನು… ಹಲೋ? ಬರ್ಕೊಂಡ್ರಾ?”

…

“ಎಂತ?… ಮಂಗಟ್ಟೆ ಯಾಕೆ ಅಂದ್ರೆ? ನನ್ನ ಹಕ್ಕಿ ಅಲ್ವಾ ಅದು?… ಅಲ್ಲ?”

ಆ ‘ಅಲ್ಲ’ ಅವರ ಬಾಯಿಯಿಂದ ಡಂಗುರದ ಅಭ್ಯಾಸದಲ್ಲೇ ಜೋರಾಗಿ ಬಂತು. ಸೋಡಾ ಬಾಟಲಿ ತಿರುಗುವುದು ನಿಂತಿತು.

“ಅಲ್ಲ… ಅಲ್ಲ ಅಂದ್ರೆ, ನೀವು ಹೇಳುದು ಸರಿ ಅಲ್ವಾ ಅಂತ… ಹಾಂ. ಹೇಳಿ, ಹೇಳಿ. ಕೇಳ್ತಾ ಉಂಟು… ಎಷ್ಟು?… ಒಂದು ಗೇಣಾ?… ಹಾಂ… ಬಣ್ಣ?… ಹಾಂ… ಏಳೆಂಟು ಒಟ್ಟಿಗೇ ಇರುದಾ… ಹಾಂ. ಬೇಲಿಯಲ್ಲಿ… ಹಾಂ.”

ಇನ್ನು ಪ್ರೊಫೆಸರರು ಹೇಳಬೇಕಾಗಿರಲಿಲ್ಲ. ಆಫೀಸಿನ ಹಿಂದೆ, ಬಸ್ಸು ತೊಳೆಯುವ ಜಾಗದಲ್ಲಿ, ಹಲಸಿನ ಮರದ ಬುಡದ ತರಗೆಲೆಯನ್ನು ಕಾಲಿನಿಂದ ಕೆದರುತ್ತ, ಬೆಳಗಾದರೆ ಕಚಪಚ ಶುರುಮಾಡುವ ಮಣ್ಣು ಬಣ್ಣದ ಹಕ್ಕಿಗಳ ಹಿಂಡೊಂದು ಉಂಟು. ಒಂದು ಸುಮ್ಮನಾದರೆ ಇನ್ನೊಂದು. ಆ ಸದ್ದಿಗೆ ಸಿಟ್ಟು ಬಂದು ಧಣಿಗಳೇ ಕ್ಲೀನರುಗಳಿಂದ ಕಲ್ಲು ಹೊಡೆಸಿದ್ದುಂಟು. ಹರಟೆಮಲ್ಲ. ಬಸ್ಸಿನ ಮೇಲಿರಲಿ, ಬೀಡಿಯ ಕಟ್ಟಿನ ಮೇಲೂ ಯಾರೂ ಅದರ ಚಿತ್ರ ಬರೆಸುವುದಿಲ್ಲ. ಘಾಟಿಯ ಹರಟೆಮಲ್ಲದ್ದು ಸ್ವಲ್ಪ ಬೇರೆ ಬಣ್ಣವಂತೆ, ಅಷ್ಟೇ ವ್ಯತ್ಯಾಸ.

ಅವರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದರು.

“ಅದು… ತಪ್ಪಿರಲಿಕ್ಕಿಲ್ವಾ ಪ್ರೊಫೆಸರ್ರೇ? ದೊರೆಯ ಪೆಟ್ಟಿಗೆಯಲ್ಲಿ ನಾನೇ ಕಣ್ಣಾರೆ… ಹಾಂ, ಹಾಂ, ಅಚ್ಚಿನಲ್ಲಿ ಉಂಟಾ? ದೊರೆಯೇ ಬರೆದದ್ದಾ? ಯಾಕೆ ಈ ಹೆಸರು ಇಟ್ಟೆ ಅಂತ ಸಹ ಬರೆದಿದ್ದಾನಾ!”

ಮುಳುಗುವವನಿಗೆ ಹಗ್ಗ ಸಿಕ್ಕ ಹಾಗಾಯಿತು. ಹಕ್ಕಿ ಯಾವುದಾದರೇನು, ದೊರೆಯ ಬಾಯಿಯಿಂದ ಬಂದ ಹೊಗಳಿಕೆ ಉಂಟಲ್ಲ! ಧಣಿಗಳ ಗಂಟಲು ಮತ್ತೆ ಬಸ್‌ಸ್ಟ್ಯಾಂಡಿನ ಎತ್ತರಕ್ಕೆ ಏರಿತು.

“ಓದಿ, ಓದಿ! ಎಲ್ಲರೂ ಕೇಳ್ಬೇಕು… ಸುಮ್ಮನಿರಿ ಮಾರಾಯ್ರೆ ಎಲ್ಲ, ದೊರೆ ನನ್ನ ವಿಷಯ ಬರೆದದ್ದನ್ನು ಓದ್ತಾ ಇದ್ದಾರೆ… ಹಾಂ. ‘ಸಂಪಾಜೆಯ ನನ್ನ ಆತಿಥೇಯನ ನೆನಪಿಗೆ’… ಕೇಳಿದ್ರಾ, ಆತಿಥೇಯ! ನಾನೇ!… ‘ಅವನ ಸ್ವಭಾವಕ್ಕೆ ಇದಕ್ಕಿಂತ ತಕ್ಕ ಹಕ್ಕಿ ಈ ದೇಶದಲ್ಲಿಲ್ಲ’… ಆಹಾ! ತಕ್ಕ ಹಕ್ಕಿ ಅಂತ! ಹಾಂ, ಮುಂದೆ… ‘ಇದರ ಹಾಗೆಯೇ ಅವನೂ, ಬೆಳಗಿನಿಂದ ಕತ್ತಲೆಯವರೆಗೆ, ಒಂದು ಗಳಿಗೆಯಾದರೂ ಬಾಯಿ…’”

…

“ಬಾಯಿ…”

…

“ಬಾಯಿ ತುಂಬ ನಗು ಅಂತೆ! ಒಂದು ಗಳಿಗೆಯಾದರೂ ಬಾಯಿ ತುಂಬ ನಗದೆ ಇದ್ದದ್ದಿಲ್ಲ ಅಂತ ಬರೆದಿದ್ದಾನೆ ಪುಣ್ಯಾತ್ಮ… ಹಾಂ, ಪ್ರೊಫೆಸರ್ರೇ, ಸರಿ ಕೇಳಿತು. ಪುನಃ ಓದುದು ಬೇಡ… ಬೇಡ ಅಂದೆ. ಕೇಳಿತು.”

ಫೋನಿನ ಆ ತುದಿಯಲ್ಲಿ ಪ್ರೊಫೆಸರರು ನಗುತ್ತಿದ್ದರು. ಕೆಟ್ಟ ನಗುವಲ್ಲ. ಮೂವತ್ತು ವರ್ಷದ ಹಳೇ ತಮಾಷೆಯನ್ನು ಅದರ ಒಡೆಯನ ಜೊತೆಯೇ ಕೂತು ನಗುವ ಅವಕಾಶ ಸಿಕ್ಕಿತಲ್ಲ ಎಂಬ ನಗು. ಧಣಿಗಳಿಗೆ ಆ ಅಟ್ಟ ನೆನಪಾಯಿತು. ಬಗ್ಗಿ ಕೂತ ದೊರೆ, ಕಿವಿಯಲ್ಲಿ ಹತ್ತಿ. ಶೀತವಾದದ್ದನ್ನು ಅವನು ಒಂದು ದಿನವಾದರೂ ಹೇಳಿದ್ದು ನೆನಪಾಗಲಿಲ್ಲ.

“ಹಾಂ… ಹೌದು, ತಮಾಷೆ… ತಮಾಷೆಯ ದೊರೆ… ಅಲ್ಲ ಪ್ರೊಫೆಸರ್ರೇ, ಒಂದು ಮಾತು. ಈಗ ನಿಮ್ಮ ಪುಸ್ತಕಕ್ಕೆ ಅದು… ಆ ಕೊನೆಯ ಸಾಲು… ಅಗತ್ಯ ಉಂಟಾ?… ಹಾಂ? ನೀವು ಹಾಕದಿದ್ರೂ ಉಂಟಾ?… ಎಲ್ಲೆಲ್ಲಿ?… ಲಂಡನಿನಲ್ಲಿ ಸಹ… ಮದರಾಸಿನಲ್ಲಿ… ಮೂವತ್ತು ವರ್ಷದಿಂದಲಾ… ಹೆಸರು ಬದಲಿಸ್ಲಿಕ್ಕೆ ಆಗುದಿಲ್ವಾ? ಒಂದು ಅರ್ಜಿ ಕೊಟ್ರೆ?… ಇಟ್ಟದ್ದು ಇಟ್ಟದ್ದೇ… ಹಾಂ. ಲೋಕ ಇರುವವರೆಗೆ… ಹಾಂ.”

ಪೋಕರ್ ತಲೆ ಎತ್ತಿ ನೋಡಿದ. ಧರ್ಮಪಾಲ ಕುರ್ಚಿಯನ್ನು ಅರ್ಧ ಮೊಳ ಮುಂದೆ ಎಳೆದುಕೊಂಡ. ಧಣಿಗಳ ಗಂಟಲು ಇಷ್ಟು ಸಣ್ಣಗಾದದ್ದನ್ನು ಸುಳ್ಯ ಪೇಟೆ ಈವರೆಗೆ ಕೇಳಿರಲಿಲ್ಲ.

“ಯಾರು? ಆ ಡ್ರೈವರಾ?… ಹಾಂ, ಇಲ್ಲೇ ಇದ್ದಾನೆ. ಹೆಸರು ಯಾಕೆ ನಿಮಗೆ?… ಡೊಂಬಯ್ಯ.”

ತನ್ನ ಹೆಸರು ತಂತಿಯೊಳಗೆ ಹೋದದ್ದು ಕೇಳಿ ಡೊಂಬಯ್ಯ ಬೈರಾಸನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದ.

“ಹಾಂ… ಹೌದು… ಆ ಹಕ್ಕಿಗೂ ನನಗೂ ಸಂಬಂಧ ಇಲ್ಲ ಅಂತಾದ್ರೆ ಹೌದು, ಅವನು ನನಗೆ ಎಂತ… ಹಾಂ, ನೀವು ಹೇಳುದು ಅರ್ಥ ಆಗ್ತದೆ… ಏಳು ವರ್ಷ. ಹೌದು, ನಾನೇ ಹೇಳಿದ್ದಲ್ವಾ… ಕೊಡುದು. ಇವತ್ತೇ ಕೊಡುದು. ಬಿಲ್ಲೆ ಇಲ್ಲೇ ಮೇಜಿನ ಮೇಲೆ ಉಂಟು… ಮಾತಾ? ಮಾತು ಕೊಡ್ಬೇಕಾ ನಿಮಗೆ? ಆಯ್ತು, ಕೊ…”

ಅವರ ಬೆರಳು ಬಿಲ್ಲೆಯ ಮೇಲಿತ್ತು. ಒಂದಂಗುಲ ಮುಂದಕ್ಕೂ ಸರಿದಿತ್ತು. ಡೊಂಬಯ್ಯನ ಕೈ ತಾನಾಗಿ ಮೇಜಿನ ಕಡೆ ಬಂತು. ಅಷ್ಟರಲ್ಲಿ ಧರ್ಮಪಾಲ ಗಂಟಲು ಸರಿಮಾಡಿಕೊಂಡು ಏನೋ ಕೇಳಿದ.

“ಎಂತ ಕೇಳಿದ್ರಿ ಧರ್ಮಪಾಲರೇ?… ಯಾವ ಹಕ್ಕಿ ಅಂತಲಾ? ಇದೆಂತ ಪ್ರಶ್ನೆ! ಮಂಗಟ್ಟೆ. ಮತ್ತೆ ಯಾವುದು?… ಸಂಬಂಧ ಇಲ್ಲ ಅಂತ ನಾನೆಲ್ಲಿ ಹೇಳಿದೆ?… ಒಂದು ಗೇಣು ಅಂದದ್ದಾ? ಅದು… ಅದರ ಮರಿಯ ಅಳತೆ. ಕೊಕ್ಕಿನ ಅಳತೆ. ನಿಮಗೆಂತ, ಟೇಪು ತರಿಸ್ಬೇಕಾ?… ಇರಿ, ಪ್ರೊಫೆಸರರು ಕಾಯ್ತಿದ್ದಾರೆ. ಹಲೋ, ಪ್ರೊಫೆಸರ್ರೇ…”

…

“ಹಲೋ?”

…

ರಿಸೀವರಿನಲ್ಲಿ ಯಾರೂ ಇರಲಿಲ್ಲ. ಎಲ್ಲೋ ಘಾಟಿಯಲ್ಲಿ ತಂತಿಯ ಮೇಲೆ ಗೆಲ್ಲು ಬಿತ್ತೋ, ಮೈಸೂರಿನ ಹೊತ್ತು ಮುಗಿಯಿತೋ, ಖಾಲಿ ಕೊಡಕ್ಕೆ ಕಿವಿ ಇಟ್ಟ ಹಾಗೆ ಗುಂಯ್ ಎನ್ನುವುದೊಂದೇ. ಅಷ್ಟು ಹೊತ್ತು ರಿಸೀವರಿನ ಸಂದಿಯಿಂದ ಸೊಳ್ಳೆಯ ಹಾಗೆ ಸೋರುತ್ತಿದ್ದ ಸ್ವರ ನಿಂತದ್ದು ಮೇಜಿಗೆ ತಾಗಿ ಕೂತ ಪೋಕರಿಗೆ ತಿಳಿಯಿತು. ದಿನವೂ ಅದನ್ನು ಎತ್ತಿ ಇಟ್ಟು ಮಾಡುವವನಿಗೆ ತಿಳಿಯದೇ?

ಧಣಿಗಳು ರಿಸೀವರನ್ನು ಕಿವಿಯಿಂದ ಎರಡು ಬೆರಳಷ್ಟು ದೂರ ತಂದರು. ಧರ್ಮಪಾಲನ ಬಾಯಿಯ ಮೂಲೆಯಲ್ಲಿ ಒಂದು ನಗು ಹುಟ್ಟುತ್ತಿತ್ತು. ಇವತ್ತು ಸಂಜೆಯ ಬಸ್ಸಿನಲ್ಲೇ ಆ ನಗು ಕಡಬಕ್ಕೆ ಹೋಗುತ್ತದೆ, ಸವಣೂರಿನಲ್ಲಿ ಇಳಿದು ಚಹಾ ಕುಡಿಯುತ್ತದೆ, ನಾಳೆ ಪುತ್ತೂರಿನ ಸಂತೆಯಲ್ಲಿ ಕೂತು ಮಾತಾಡುತ್ತದೆ. ಈಗ ಬಿಲ್ಲೆ ಕೊಟ್ಟರೆ ಜನ ಕ್ಷಮೆ ಎನ್ನುವುದಿಲ್ಲ. ಹಕ್ಕಿ ಇವರದಲ್ಲವಂತೆ, ಅದಕ್ಕೇ ಕೊಟ್ಟರು ಎನ್ನುತ್ತಾರೆ. ಹಕ್ಕಿ ತನ್ನದೇ ಎಂದು ತೋರಿಸಲು ಈಗ ಅವರ ಕೈಯಲ್ಲಿ ಉಳಿದದ್ದು ಒಂದೇ ಒಂದು ವಸ್ತು, ಆ ಬಿಲ್ಲೆ.

ಅವರು ರಿಸೀವರನ್ನು ಮತ್ತೆ ಕಿವಿಗೆ ಒತ್ತಿಕೊಂಡರು.

“ಹಾಂ! ಈಗ ಕೇಳ್ತದೆ. ಮಧ್ಯೆ ಸ್ವಲ್ಪ ಹೋಗಿತ್ತು. ಹೇಳಿ ಪ್ರೊಫೆಸರ್ರೇ.”

…

“ಹೌದಾ! ಮಂಗಟ್ಟೆಯೇ ಅಂತ ಇನ್ನೊಮ್ಮೆ ನೋಡಿ ಖಾತ್ರಿ ಮಾಡಿದ್ರಾ? ನನಗೆ ಸಂಶಯ ಇರ್ಲಿಲ್ಲ. ಇಲ್ಲಿ ಕೆಲವರಿಗೆ ಇತ್ತು… ಹಾಂ, ಹಾಂ, ಹಕ್ಕಿಗಳಲ್ಲಿ ರಾಜ ಅದು. ಕೇಳಿದ್ರಾ ಧರ್ಮಪಾಲರೇ, ರಾಜ ಅಂತೆ.”

ಅವರು ಬಿಡುವು ಕೊಟ್ಟು ಕೊಟ್ಟು ಮಾತಾಡುತ್ತಿದ್ದರು. ಆ ತುದಿಯಲ್ಲಿ ಒಬ್ಬರು ಮಾತಾಡಲು ಎಷ್ಟು ಹೊತ್ತು ಬೇಕೋ ಸರಿಯಾಗಿ ಅಷ್ಟೇ ಹೊತ್ತು. ಜೀವಮಾನದಲ್ಲಿ ಮೊದಲ ಸಲ ಅವರು ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾದದ್ದು ಅದು, ಯಾರೂ ಇಲ್ಲದ ಫೋನಿನಲ್ಲಿ.

“ಎಂತ? ಡ್ರೈವರಿನ ವಿಷಯವಾ?… ಅಯ್ಯೋ, ನಾನು ಕೊಡುದು ಅಂತ ಮಾತು ಕೊಟ್ಟಾಗಿದೆ ಅವನಿಗೆ… ಕೊಡಬಾರ್ದು ಅಂತೀರಾ?”

…

“ಅಲ್ಲ ಪ್ರೊಫೆಸರ್ರೇ, ಬಡವ. ಏಳು ವರ್ಷ ಕಲ್ಲು ಒಡೆದಿದ್ದಾನೆ. ಹೆಂಡತಿ ನೆಲದಲ್ಲೇ ತೆವಳುದು… ಹಾಂ… ಹಾಂ… ಅದು ಹೌದು. ಅಂಥ ಹಕ್ಕಿ ಕೊಂದವನನ್ನು ಅದೇ ಹಕ್ಕಿಯ ಬಸ್ಸಿಗೆ ಹತ್ತಿಸಿದ್ರೆ ಪುಸ್ತಕದಲ್ಲಿ ಬರೀಲಿಕ್ಕೆ ಚಂದ ಕಾಣುದಿಲ್ಲ, ಅದು ಹೌದು… ನೀವು ಓದಿದವರು. ನೀವು ಅಷ್ಟು ಹೇಳಿದ ಮೇಲೆ ನಾನು ಎಂತ ಹೇಳುದು?”

ಡ್ರಾಯರು ಎಳೆದ ಸದ್ದಾಯಿತು. ಬಿಲ್ಲೆ ಒಳಗೆ ಬಿದ್ದ ಸದ್ದಾಯಿತು. ಧರ್ಮಪಾಲನ ನಗು ಹುಟ್ಟಿದಲ್ಲಿಯೇ ನಿಂತಿತು. ಇಷ್ಟು ಮಾಡಬೇಕಾದರೆ ಹಕ್ಕಿ ನಿಜಕ್ಕೂ ಇವರದೇ ಇರಬೇಕು ಎಂದು ಅವನು ಬಾಟಲಿಯನ್ನು ಕೆಳಗಿಟ್ಟ. ಪೋಕರ್ ಬಾಯಿ ತೆರೆದ. ಧಣಿಗಳು ಅವನನ್ನೇ ನೋಡುತ್ತಿದ್ದರು, ರೆಪ್ಪೆ ಬಡಿಯದೆ. ಪೋಕರಿಗೆ ಮನೆಯಲ್ಲಿ ಹೆಂಡತಿ ಕದೀಜಮ್ಮ, ಮಕ್ಕಳು, ಮುದುಕಿ ತಾಯಿ. ಜಲ್ಲಿಯ ರಾಶಿ ಸಂಪಾಜೆ ರಸ್ತೆಯಲ್ಲಿ ಇನ್ನೂ ಬೇಕಷ್ಟು ಉಂಟು. ಅವನು ಬಾಯಿ ಮುಚ್ಚಿ, ಬೆಳಿಗ್ಗೆ ಹುಳಿ ಹಚ್ಚಿದ ಬೆರಳುಗಳನ್ನು ಪಂಚೆಗೆ ಒರೆಸತೊಡಗಿದ.

ಡೊಂಬಯ್ಯನಿಗೆ ಧಣಿಗಳ ಮೇಲೆ ಸಿಟ್ಟು ಬರಲಿಲ್ಲ. ಧಣಿಗಳು ತನ್ನ ಪರವಾಗಿ ಎಷ್ಟು ಹೇಳಿದರು! ಅವನು ಕೇಳಲಿಲ್ಲವೇ ಕಿವಿಯಾರೆ? ಕೊಡಬೇಡ ಎಂದದ್ದು ಫೋನಿನೊಳಗಿನ ದೊಡ್ಡವರು. ಅವನು ಎರಡು ಹೆಜ್ಜೆ ಮುಂದೆ ಬಂದು, ಧಣಿಗಳಿಗಲ್ಲ, ಅವರ ಕಿವಿಗೆ ಒತ್ತಿದ್ದ ಆ ಕಪ್ಪು ರಿಸೀವರಿಗೆ, ಸೊಂಟ ಬಗ್ಗಿಸಿ ಕೈ ಮುಗಿದು ಏನೋ ಬೇಡಿಕೊಂಡ.

“ಪ್ರೊಫೆಸರ್ರೇ, ಡೊಂಬಯ್ಯ ನಿಮಗೆ ಕೈ ಮುಗಿತಾ ಇದ್ದಾನೆ. ತಪ್ಪಾಯ್ತು, ಒಂದು ಸರ್ತಿ ನೋಡಿ ಅಂತ ಹೇಳ್ತಿದ್ದಾನೆ.”

…

ಈ ಬಿಡುವು ಉಳಿದವುಗಳಿಗಿಂತ ಉದ್ದವಾಗಿತ್ತು. ಹಿಂದಿನ ಹಲಸಿನ ಬುಡದಲ್ಲಿ ಹರಟೆಮಲ್ಲಗಳ ಹಿಂಡು ಬಂದು ಇಳಿದು ಕಚಪಚ ಶುರುಮಾಡಿತು.

“ಹಾಂ… ಹಾಂ… ಹೇಳ್ತೇನೆ.”

ಅವರು ರಿಸೀವರಿಗೆ ಕೈ ಅಡ್ಡ ಹಿಡಿದರು.

“ಡೊಂಬಯ್ಯ, ಅವರು ಕೇಳುದು, ನೀನು ಕೈ ಮುಗಿದ್ರೆ ಸತ್ತ ಹಕ್ಕಿ ಬರ್ತದಾ ಅಂತ. ಎಂತ ಉತ್ತರ ಹೇಳಲಿ?… ಹೋಗು ಮಾರಾಯ, ಅಳ್ಬೇಡ ಇಲ್ಲಿ, ಟ್ರಂಕಿನಲ್ಲಿ ಎಲ್ಲ ಕೇಳ್ತದೆ. ಯಾರಲ್ಲಿ, ಹಿಂದಿನ ಆ ದರಿದ್ರ ಹಕ್ಕಿಗಳಿಗೆ ಒಂದು ಕಲ್ಲು ಬಿಸಾಡಿ, ಮಾತೇ ಕೇಳುದಿಲ್ಲ… ಹಲೋ, ಪ್ರೊಫೆಸರ್ರೇ… ಹಲೋ?… ಹಲೋ?… ಛೇ. ಲೈನು ಕಟ್ಟಾಯ್ತು ನೋಡಿ.”